ಶಿಕ್ಷಕಿ ಹಾಕಿದ 8 ‘ಹೌದು’, ಅಮ್ಮ ಹಾಕಿದ 3: ಒಂದು ಶ್ರವಣ ತಪಾಸಣೆಯ ಪ್ರಕರಣ

ಮೂರನೇ ತರಗತಿಯ ಈ ಹುಡುಗಿಯ ಬಗ್ಗೆ ಶಾಲೆಯಿಂದ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟು: ಕರೆದರೆ ತಿರುಗುತ್ತಾಳೆ, ಹೇಳಿದ್ದನ್ನು ಮಾತ್ರ ಮಾಡುವುದಿಲ್ಲ, ಪಕ್ಕದವಳ ಪುಸ್ತಕ ನೋಡಿಕೊಂಡು ಬರೆಯುತ್ತಾಳೆ. ವಯಸ್ಸು 8 ವರ್ಷ 1 ತಿಂಗಳು. ಶಾಲೆಗೆ ಸೇರುವಾಗ ಮಾಡಿದ ಶ್ರವಣ ತಪಾಸಣೆಯಲ್ಲಿ ಪಾಸ್. ಬೋರ್ಡ್ ನೋಡಿ ಬರೆ ಅಂದರೆ ಚೆನ್ನಾಗಿಯೇ ಬರೆಯುತ್ತಾಳೆ. ಉಕ್ತಲೇಖನ ಕೊಟ್ಟರೆ ಅರ್ಧಕ್ಕರ್ಧ ತಪ್ಪು. ಊಟದ ಬಿಡುವಿನ ನಂತರದ ಪೀರಿಯಡ್‌ನಲ್ಲಂತೂ ಇನ್ನೂ ಜಾಸ್ತಿ.

ಇವಳು ನಿಜವಾದ ಯಾವುದೋ ಒಂದು ಮಗುವಲ್ಲ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಸೇರಿಸಿ ಒಬ್ಬ ಹುಡುಗಿಯ ಕಥೆ ಮಾಡಿದ್ದೇನೆ. ಅಂಕಿಗಳೂ ಹಾಗೆಯೇ ಕಟ್ಟಿದವು. ಆದರೆ ಪರೀಕ್ಷೆಗಳು, ಅವುಗಳ ಕ್ರಮ, ಒಂದೊಂದು ಹೆಜ್ಜೆಯ ಹಿಂದಿನ ಲೆಕ್ಕಾಚಾರ ಎಲ್ಲ ಶ್ರವಣ ತಜ್ಞರು ಬಳಸುವಂಥವೇ.

ಶಾಲೆಗೆ ಇದ್ದ ಅನುಮಾನ ಎಪಿಡಿ, ಅಂದರೆ ಶ್ರವಣ ಸಂಸ್ಕರಣೆಯ ತೊಂದರೆ. ಶಬ್ದ ಕಿವಿಗೆ ಸರಿಯಾಗಿಯೇ ಮುಟ್ಟುತ್ತದೆ. ಅಲ್ಲಿಂದ ಮಿದುಳಿನವರೆಗಿನ ದಾರಿಯಲ್ಲಿ ಅದನ್ನು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಗದ್ದಲದಲ್ಲಿ ಮಾತು ಹಿಡಿಯಲು ಆಗುವುದಿಲ್ಲ, ವೇಗವಾಗಿ ಹೇಳಿದ್ದು ಜಾರಿಹೋಗುತ್ತದೆ, ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ಉಳಿಯುತ್ತದೆ. ಮಾಮೂಲಿ ಶ್ರವಣ ಪರೀಕ್ಷೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಿಶ್ಶಬ್ದದ ಕೋಣೆಯಲ್ಲಿ ಕೂರಿಸಿ ಒಂದೊಂದೇ ಸ್ವರ ಕೇಳಿಸಿದರೆ ಈ ಮಕ್ಕಳು ಆರಾಮಾಗಿ ಬೆರಳೆತ್ತುತ್ತಾರೆ.

ಪ್ರಶ್ನಾವಳಿ ಹೇಳಿದ್ದು, ಹೇಳದೆ ಇದ್ದದ್ದು

ಮೊದಲ ಹೆಜ್ಜೆ ಒಂದು ಪ್ರಶ್ನಾವಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ರೂಪಿಸಿದ ಸ್ಕ್ಯಾಪ್ ಎಂಬ ಪಟ್ಟಿಯಲ್ಲಿ 12 ಪ್ರಶ್ನೆಗಳಿವೆ. ಉತ್ತರ ಹೌದು ಅಥವಾ ಇಲ್ಲ. 6 ಅಥವಾ ಅದಕ್ಕಿಂತ ಹೆಚ್ಚು ‘ಹೌದು’ ಬಂದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. 1992ರಲ್ಲಿ ಬಂದ ಚಾಪ್ಸ್ ಎಂಬ ಇನ್ನೊಂದು ಪ್ರಶ್ನಾವಳಿಯೂ ಬಳಕೆಯಲ್ಲಿದೆ. ಅದರಲ್ಲಿ 36 ಪ್ರಶ್ನೆ. ಮಗುವನ್ನು ಅದೇ ವಯಸ್ಸಿನ ಉಳಿದ ಮಕ್ಕಳ ಜೊತೆ ಹೋಲಿಸಿ ಅಂಕ ಕೊಡಬೇಕು. ತುಂಬಿದ ತರಗತಿ ಇರುವ ಶಿಕ್ಷಕಿಗೆ 12 ಪ್ರಶ್ನೆಯದೇ ಮೇಲು.

ಶಿಕ್ಷಕಿ 8 ಕಡೆ ‘ಹೌದು’ ಅಂದರು. ಅಮ್ಮ ಹಾಕಿದ್ದು 3.

ಇಂಥ ಹೊತ್ತಿನಲ್ಲಿ ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವವರು ಇದ್ದಾರೆ. ಅಮ್ಮನಿಗೆ ಮಗಳ ಮೇಲಿನ ಪ್ರೀತಿ, ಅದಕ್ಕೇ ಕಡಿಮೆ ಹಾಕಿದ್ದಾರೆ ಅಂತ ಸುಮ್ನೆ ಬದಿಗಿಡುವವರೂ ಇದ್ದಾರೆ. ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಮಾಹಿತಿಯೇ ಈ 5ರ ಅಂತರ. ಮನೆಯಲ್ಲಿ ಅಮ್ಮ ಮಾತಾಡುವುದು ಹತ್ತಿರದಿಂದ, ಮುಖ ನೋಡಿ, ಒಂದು ಸಲಕ್ಕೆ ಒಂದು ಮಾತು. ತರಗತಿಯಲ್ಲಿ ದೂರ, ಗದ್ದಲ, ಬೋರ್ಡ್ ಕಡೆ ತಿರುಗಿರುವ ಮುಖ. ಒಂದೇ ಮಗು, ಎರಡು ಬೇರೆ ಬೇರೆ ಶಬ್ದಲೋಕ. ಅಮ್ಮ ‘ಹೌದು’ ಅಂದ ಮೂರು ಪ್ರಶ್ನೆಗಳನ್ನು ಕೆದಕಿ ಕೇಳಿದಾಗ ಅವರು ಕೊಟ್ಟ ಉದಾಹರಣೆಗಳೆಲ್ಲ ಗದ್ದಲದ ಹೊತ್ತಿನವು: ಟಿವಿ ಓಡುತ್ತಿರುವಾಗ, ನೆಂಟರು ತುಂಬಿರುವಾಗ, ಪಕ್ಕದ ಕೋಣೆಯಿಂದ ಕೂಗಿದಾಗ.

ಶಿಕ್ಷಕಿಯ 8ನ್ನೂ ಹಾಗೇ ನಂಬುವಂತಿಲ್ಲ. ಪಟ್ಟಿಯಲ್ಲಿ ‘ಗಮನ ಬೇಗ ಚದುರುತ್ತದೆ’, ‘ಒಂದೋ ಎರಡೋ ವಿಷಯದಲ್ಲಿ ಹಿಂದಿದ್ದಾಳೆ’ ಎಂಬಂಥ ಸಾಲುಗಳೂ ಇವೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಗುವಿಗೂ, ಓದುವ ತೊಂದರೆ ಇರುವ ಮಗುವಿಗೂ, ರಾತ್ರಿ ನಿದ್ದೆ ಸಾಲದ ಮಗುವಿಗೂ ಇವಕ್ಕೆ ‘ಹೌದು’ ಬರುತ್ತದೆ, ಅಲ್ವಾ? ಹಾಗಾಗಿ ಎಷ್ಟು ‘ಹೌದು’ ಎನ್ನುವುದಕ್ಕಿಂತ ಯಾವುದಕ್ಕೆ ‘ಹೌದು’ ಎನ್ನುವುದನ್ನು ನೋಡಬೇಕು. ಇವಳ 8ರಲ್ಲಿ ಒಂದು ಸಾಲು ಎದ್ದು ಕಂಡಿತು: ಕೇಳಿ ಮಾಡುವ ಕೆಲಸದಲ್ಲಿ ಹಿಂದೆ, ನೋಡಿ ಮಾಡುವ ಕೆಲಸದಲ್ಲಿ ಪರವಾಗಿಲ್ಲ. ಗಮನದ ತೊಂದರೆ ಒಂದೇ ಆಗಿದ್ದರೆ ಎರಡರಲ್ಲೂ ಎಡವಬೇಕಿತ್ತು.

ಅದೇ ತರಗತಿಯಲ್ಲಿ ಇನ್ನೂ ಮೂವರು ಈ 6ರ ಗೆರೆ ದಾಟಿದ್ದರು. ಅದರಲ್ಲಿ ಒಬ್ಬನ ಮನೆಮಾತು ಬೇರೆ, ಶಾಲೆಯ ಭಾಷೆ ಬೇರೆ. ಆ ಭಾಷೆ ಅವನಿಗೆ ಸರಿಯಾಗಿ ಕಿವಿಗೆ ಬಿದ್ದು ಎರಡು ವರ್ಷವೂ ಆಗಿರಲಿಲ್ಲ. ಎರಡನೇ ಭಾಷೆಯಲ್ಲಿ ಗದ್ದಲದ ನಡುವೆ ಕೇಳುವುದು ದೊಡ್ಡವರಿಗೇ ಕಷ್ಟ. ಇನ್ನಿಬ್ಬರನ್ನು ಓದು ಬರಹದ ಮೌಲ್ಯಮಾಪನಕ್ಕೆ ಕಳಿಸಲಾಯಿತು.

ಗೆರೆ ದಾಟಿದವರೆಲ್ಲ ಎಪಿಡಿ ಮಕ್ಕಳಲ್ಲ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಅಷ್ಟೇ. 500 ಮಕ್ಕಳ ಶಾಲೆ. ಶೇ. 3ರಷ್ಟು, ಅಂದರೆ 15 ಮಕ್ಕಳಿಗೆ ನಿಜವಾಗಿ ತೊಂದರೆ ಇದೆ ಅಂದುಕೊಳ್ಳಿ. ಪ್ರಶ್ನಾವಳಿ ಅವರಲ್ಲಿ ಶೇ. 80 ಜನರನ್ನು ಹಿಡಿಯುತ್ತದೆ, ತೊಂದರೆ ಇಲ್ಲದವರಲ್ಲಿ ಶೇ. 15 ಜನರನ್ನೂ ತಪ್ಪಾಗಿ ಹಿಡಿಯುತ್ತದೆ. ಆಗ ಸಿಕ್ಕಿಬೀಳುವವರು 12 ಮತ್ತು ಸುಮಾರು 73. ಒಟ್ಟು 85ರಲ್ಲಿ ನಿಜವಾದವರು 12, ಏಳರಲ್ಲಿ ಒಬ್ಬರು. ಪ್ರಶ್ನಾವಳಿ ಕೆಟ್ಟದು ಅಂತಲ್ಲ. ಅಪರೂಪದ ತೊಂದರೆಯನ್ನು ಎಲ್ಲರಲ್ಲೂ ಹುಡುಕಲು ಹೋದರೆ ಯಾವ ಜರಡಿಯಾದರೂ ಹೀಗೇ. ಅದಕ್ಕೇ ತಪಾಸಣೆಯ ಫಲಿತಾಂಶವನ್ನು ಪೋಷಕರಿಗೆ ಹೇಳುವಾಗ ಎಪಿಡಿ ಎಂಬ ಹೆಸರನ್ನೇ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಇನ್ನೊಂದಿಷ್ಟು ನೋಡಬೇಕಾಗಿದೆ’ ಅಂದರೆ ಸಾಕು.

ಎಡ ಕಿವಿಯಲ್ಲಿ ನೀರು

ಎಪಿಡಿ ಹುಡುಕುವ ಮೊದಲು ಕಿವಿ ಸರಿಯಿದೆಯೇ ಎಂದು ಮತ್ತೆ ನೋಡಬೇಕು. ಮೂರು ವರ್ಷದ ಹಿಂದೆ ಪಾಸ್ ಆಗಿದ್ದು ಇವತ್ತಿಗೆ ಲೆಕ್ಕಕ್ಕಿಲ್ಲ. 1000, 2000, 4000 ಹರ್ಟ್ಜ್ ಸ್ವರಗಳನ್ನು 20 ಡೆಸಿಬೆಲ್‌ನಲ್ಲಿ ಕೇಳಿಸಲಾಯಿತು. ಬಲ ಕಿವಿ ಎಲ್ಲಕ್ಕೂ ಸ್ಪಂದಿಸಿತು. ಎಡ ಕಿವಿ 1000 ಹರ್ಟ್ಜ್‌ನಲ್ಲಿ ಕೈಕೊಟ್ಟಿತು. ಪೂರ್ತಿ ಆಡಿಯೋಗ್ರಾಂ ಮಾಡಿದಾಗ ಎಡ ಕಿವಿಗೆ ತಗ್ಗು ಸ್ವರಗಳಲ್ಲಿ 30 ಡೆಸಿಬೆಲ್ ಬೇಕಾಯಿತು. ಕಿವಿತಮಟೆ ಎಷ್ಟು ಸಲೀಸಾಗಿ ಅಲುಗುತ್ತದೆ ಎಂದು ಅಳೆಯುವ ಟಿಂಪನೋಮೆಟ್ರಿಯಲ್ಲಿ ಎಡಗಡೆ ಗೆರೆ ಚಪ್ಪಟೆ, ತಜ್ಞರು ಬಿ ಟೈಪ್ ಅನ್ನುತ್ತಾರೆ. ಕಿವಿತಮಟೆಯ ಹಿಂದೆ ನೀರು ನಿಂತಿದೆ ಎಂಬುದರ ಗುರುತು ಅದು.

ಅವತ್ತಿನ ಎಪಿಡಿ ಪರೀಕ್ಷೆ ಅಲ್ಲಿಗೇ ನಿಂತಿತು. ಪೋಷಕರಿಗೆ ಬೇಸರವಾಯಿತು. ರಜೆ ಹಾಕಿ ಬಂದಿದ್ದರು. ಆದರೆ ಒಂದು ಕಿವಿ ಮಂದವಾಗಿರುವಾಗ ಈ ಪರೀಕ್ಷೆ ಮಾಡಿದರೆ ಬರುವ ಅಂಕ ಮಿದುಳಿನದೋ ನೀರಿನದೋ ಗೊತ್ತಾಗುವುದೇ ಇಲ್ಲ.

ಆಗ ಅಮ್ಮ ನೆನಪಿಸಿಕೊಂಡರು: 2ರಿಂದ 5 ವರ್ಷದವರೆಗೆ ಮಗುವಿಗೆ ಮೇಲಿಂದ ಮೇಲೆ ನೆಗಡಿ, ಕಿವಿನೋವು. ‘ತಾನೇ ಹೋಗುತ್ತೆ’ ಅಂದಿದ್ದರಂತೆ ವೈದ್ಯರು. ತಪ್ಪೇನೂ ಇಲ್ಲ, ಹೆಚ್ಚಿನ ಮಕ್ಕಳಲ್ಲಿ ತಾನೇ ಹೋಗುತ್ತದೆ. ಕಿವಿ ವೈದ್ಯರ ಮಾರ್ಗಸೂಚಿ ಕೂಡ ಸಾಮಾನ್ಯವಾಗಿ ಮೂರು ತಿಂಗಳು ಕಾದು ನೋಡಿ ಎಂದೇ ಹೇಳುತ್ತದೆ. ಇಲ್ಲೂ ಹಾಗೇ ಮಾಡಲಾಯಿತು.

ಈ ಮೂರು ತಿಂಗಳನ್ನು ಸುಮ್ನೆ ಕಳೆಯಬಾರದು. ತರಗತಿಯಲ್ಲಿ ಮಾಡಬೇಕಾದದ್ದಕ್ಕೆ ರೋಗದ ಹೆಸರು ಬೇಕಿಲ್ಲ, ನೀರಿದ್ದರೂ ಎಪಿಡಿ ಇದ್ದರೂ ಅದು ಒಂದೇ. ಶಬ್ದದ ಲೆಕ್ಕ ನೋಡಿ. ಶಿಕ್ಷಕಿಯ ದನಿ ಒಂದು ಮೀಟರ್ ದೂರದಲ್ಲಿ 65 ಡೆಸಿಬೆಲ್ ಇದ್ದರೆ, ದೂರ ದುಪ್ಪಟ್ಟಾದಾಗೆಲ್ಲ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್‌ಗೆ 59, ನಾಲ್ಕು ಮೀಟರ್‌ಗೆ 53. ತರಗತಿಯ ಗಲಾಟೆ 55 ಇದ್ದರೆ ನಾಲ್ಕು ಮೀಟರ್ ಆಚೆ ಕೂತ ಮಗುವಿಗೆ ಪಾಠಕ್ಕಿಂತ ಗಲಾಟೆಯೇ ಜೋರು. ಗೋಡೆಗೆ ಬಡಿದು ಬರುವ ದನಿ ಸ್ವಲ್ಪ ಸೇರುತ್ತದೆ ನಿಜ, ಆದರೆ ಅದು ತಡವಾಗಿ ಬಂದು ಅಕ್ಷರಗಳನ್ನು ಒಂದರ ಮೇಲೊಂದು ಹರಡುತ್ತದೆ. ಚಿಕ್ಕ ಮಕ್ಕಳಿಗೆ ಗದ್ದಲಕ್ಕಿಂತ ಮಾತು 15 ಡೆಸಿಬೆಲ್ ಮೇಲಿರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ತರಗತಿಯಲ್ಲಿ ಪಾಠದ ಹೊತ್ತಿನ ಹಿನ್ನೆಲೆ ಶಬ್ದ 35 ಡೆಸಿಬೆಲ್ ಮೀರಬಾರದು, ಪ್ರತಿಧ್ವನಿಯ ಕಾಲ 0.6 ಸೆಕೆಂಡ್ ಹತ್ತಿರ ಇರಬೇಕು ಎನ್ನುತ್ತದೆ. ಗಟ್ಟಿ ನೆಲ, ಬೋಳು ಗೋಡೆಯ ಕೋಣೆ ಇದನ್ನು ಮುಟ್ಟುವುದು ಕಷ್ಟ.

ಆದ್ದರಿಂದ ಜಾಗ ಬದಲಾಯಿತು. ಕಾರಿಡಾರ್ ಬಾಗಿಲಿನಿಂದ ದೂರ, ಎರಡನೇ ಸಾಲು, ಬಲ ಕಿವಿ ಶಿಕ್ಷಕಿಯ ಕಡೆಗೆ. ಕುರ್ಚಿ ಕಾಲುಗಳಿಗೆ ರಬ್ಬರ್ ಟೋಪಿ. ಮನೆಗೆಲಸ ಬೋರ್ಡ್ ಮೇಲೆ ಬರೆಯುವುದು. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ನಿಲ್ಲಿಸಿ ‘ನಾನೇನು ಹೇಳಿದೆ, ಹೇಳು ನೋಡೋಣ’ ಎನ್ನುವುದು. ಇದು ಚಿಕ್ಕದಾಗಿ ಕಂಡರೂ ದೊಡ್ಡ ಬದಲಾವಣೆ, ಏಕೆಂದರೆ ಮೊದಲ ಪ್ರಶ್ನೆಗೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ.

ನೀರು ಹೋದ ಮೇಲೆ

ಮೂರು ತಿಂಗಳ ನಂತರ ಎರಡೂ ಕಿವಿಯ ಟಿಂಪನೋಗ್ರಾಂ ಸರಿಯಾಗಿತ್ತು. ಎರಡರಲ್ಲೂ 10ರಿಂದ 15 ಡೆಸಿಬೆಲ್‌ಗೇ ಕೇಳಿಸುತ್ತಿತ್ತು. ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಆದರೆ ಶಿಕ್ಷಕಿಯ ಎರಡನೇ ಪಟ್ಟಿಯಲ್ಲಿ 7 ‘ಹೌದು’.

ಈಗ ಪರೀಕ್ಷೆಯ ರೂಪದ ತಪಾಸಣೆ. ಇದಕ್ಕೂ ಮೈಸೂರಿನ ಅದೇ ಸಂಸ್ಥೆಯ ಸ್ಟ್ಯಾಪ್ ಎಂಬ ಕಿರು ಪರೀಕ್ಷೆ ಇದೆ. ಅದರಲ್ಲಿ ನಾಲ್ಕು ಭಾಗ: ಗದ್ದಲದಲ್ಲಿ ಮಾತು, ಎರಡು ಕಿವಿಗೆ ಒಟ್ಟಿಗೆ ಬೇರೆ ಬೇರೆ ಅಕ್ಷರ, ಶಬ್ದದ ನಡುವಿನ ಸಣ್ಣ ಬಿರುಕು ಹಿಡಿಯುವುದು, ಕೇಳಿದ್ದರ ನೆನಪು. ಈ ಬಗೆಯ ತಪಾಸಣೆಯಲ್ಲಿ ಅವಳು ಮೊದಲ ಎರಡರಲ್ಲಿ ಹಿಂದೆ ಬಿದ್ದಳು. ಬಿರುಕು ಹಿಡಿಯುವುದರಲ್ಲಿ ತೊಂದರೆ ಇಲ್ಲ. ನೆನಪು ಅಂಚಿನಲ್ಲಿ.

ಮುಂದಿನದು ಪೂರ್ತಿ ಪರೀಕ್ಷೆ. ಇದನ್ನು ಸಾಮಾನ್ಯವಾಗಿ 7 ವರ್ಷಕ್ಕಿಂತ ಮೊದಲು ಮಾಡುವುದಿಲ್ಲ. ಚಿಕ್ಕ ಮಕ್ಕಳ ಅಂಕ ಒಬ್ಬರಿಂದ ಒಬ್ಬರಿಗೆ ಎಷ್ಟು ಏರುಪೇರಾಗುತ್ತದೆ ಎಂದರೆ ಯಾವುದು ತೊಂದರೆ, ಯಾವುದು ಬೆಳವಣಿಗೆ ಅಂತ ಬೇರ್ಪಡಿಸಲಾಗದು. ಬೆಳಗಿನ ಹೊತ್ತು, ಎರಡು ದಿನಕ್ಕೆ ಹಂಚಿ, ನಡುವೆ ಬಿಡುವು ಕೊಟ್ಟು ಮಾಡಲಾಯಿತು. ಸುಸ್ತಾದ ಮಗು ಯಾವ ಪರೀಕ್ಷೆಯಲ್ಲಾದರೂ ಫೇಲ್ ಆಗುತ್ತದೆ.

ಮೊದಲು ಓಎಇ (ಒಳಕಿವಿ ತಾನೇ ಹೊರಡಿಸುವ ಸಣ್ಣ ಸದ್ದಿನ ಪರೀಕ್ಷೆ), ಎಬಿಆರ್ (ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳಿನ ಕಾಂಡದಲ್ಲಿ ಏಳುವ ವಿದ್ಯುತ್ ಅಲೆಗಳ ಪರೀಕ್ಷೆ), ಕಿವಿಯ ಸ್ನಾಯು ಪ್ರತಿಕ್ರಿಯೆ. ಎಲ್ಲವೂ ಸರಿ. ಇದನ್ನು ಬಿಟ್ಟು ಮುಂದೆ ಹೋಗುವುದು ಅಪಾಯ, ಏಕೆಂದರೆ ಶ್ರವಣ ನರದ ತೊಂದರೆಯಲ್ಲೂ ದೂರು ಇದೇ: ಶಬ್ದ ಕೇಳುತ್ತೆ, ಮಾತು ತಿಳಿಯಲ್ಲ. ಅಲ್ಲಿ ಓಎಇ ಇರುತ್ತದೆ, ಎಬಿಆರ್ ಅಲೆಗಳು ಇರುವುದಿಲ್ಲ ಅಥವಾ ಕೆಟ್ಟಿರುತ್ತವೆ. ಚಿಕಿತ್ಸೆಯ ದಾರಿಯೇ ಬೇರೆ. ಮನಶ್ಶಾಸ್ತ್ರಜ್ಞರ ವರದಿ: ಬುದ್ಧಿಮಟ್ಟ ಸರಾಸರಿ, ಗಮನ ಸ್ವಲ್ಪ ಕಡಿಮೆ, ಎಡಿಎಚ್‌ಡಿ ಅನ್ನುವಷ್ಟಿಲ್ಲ. ಭಾಷಾ ಪರೀಕ್ಷೆಯಲ್ಲಿ ವಯಸ್ಸಿಗಿಂತ ತುಸು ಹಿಂದೆ.

ನಂತರ ಅಂಕಿಗಳ ಡೈಕಾಟಿಕ್ ಪರೀಕ್ಷೆ. ಬಲ ಕಿವಿಗೆ ಎರಡು ಅಂಕಿ, ಅದೇ ಕ್ಷಣ ಎಡ ಕಿವಿಗೆ ಬೇರೆ ಎರಡು ಅಂಕಿ. ಕೇಳಿದ್ದೆಲ್ಲ ಹೇಳಬೇಕು. 1961ರಲ್ಲಿ ಮನಶ್ಶಾಸ್ತ್ರಜ್ಞೆ ಡೋರೀನ್ ಕಿಮುರಾ ತೋರಿಸಿದಂತೆ ಇದರಲ್ಲಿ ಹೆಚ್ಚಿನವರಿಗೆ ಬಲ ಕಿವಿ ಸ್ವಲ್ಪ ಮುಂದಿರುತ್ತದೆ. ಬಲ ಕಿವಿಯ ಸುದ್ದಿ ನೇರವಾಗಿ ಮಿದುಳಿನ ಎಡಭಾಗಕ್ಕೆ, ಅಂದರೆ ಹೆಚ್ಚಿನವರಲ್ಲಿ ಭಾಷೆ ಇರುವ ಕಡೆಗೆ ಹೋಗುತ್ತದೆ. ಎಡ ಕಿವಿಯದು ಮೊದಲು ಬಲಭಾಗಕ್ಕೆ ಹೋಗಿ, ಎರಡೂ ಭಾಗಗಳನ್ನು ಸೇರಿಸುವ ನರಪಟ್ಟಿ ದಾಟಿ ಬರಬೇಕು. ಆ ಪಟ್ಟಿ ಬಾಲ್ಯದುದ್ದಕ್ಕೂ ಬಲಿಯುತ್ತಲೇ ಇರುತ್ತದೆ. ಹಾಗಾಗಿ 8 ವರ್ಷದ ಮಗುವಿನಲ್ಲಿ ಎಡ ಕಿವಿ ಸ್ವಲ್ಪ ಹಿಂದಿರುವುದು ಸಹಜ. ಇವಳಿಗೆ ಬಂದದ್ದು ಬಲಕ್ಕೆ ಶೇ. 86, ಎಡಕ್ಕೆ ಶೇ. 52. ಇಷ್ಟು ಅಂತರ ಸಹಜವಲ್ಲ.

ಎರಡನೆಯದು ಎಂಎಲ್‌ಡಿ. ಎರಡೂ ಕಿವಿಗೆ ಒಂದೇ ಗದ್ದಲ, ಅದರೊಳಗೆ 500 ಹರ್ಟ್ಜ್‌ನ ಒಂದು ಸ್ವರ. ಒಂದು ಕಿವಿಯಲ್ಲಿ ಮಾತ್ರ ಸ್ವರದ ಅಲೆಯನ್ನು ತಿರುಗುಮುರುಗು ಮಾಡಿದರೆ ಅದು ಇನ್ನೂ ಮೆಲ್ಲಗಿದ್ದಾಗಲೂ ಕೇಳತೊಡಗುತ್ತದೆ. ಎರಡು ಕಿವಿಯ ಸುದ್ದಿಯನ್ನು ಮಿದುಳಿನ ಕಾಂಡ ಹೋಲಿಸಿ ನೋಡುವುದರಿಂದ ಸಿಗುವ ಲಾಭ ಇದು. ಸಾಮಾನ್ಯವಾಗಿ 10 ಡೆಸಿಬೆಲ್ ಅಥವಾ ಜಾಸ್ತಿ. ಇವಳಿಗೆ 6. ಗದ್ದಲದಲ್ಲಿ ಒಂದು ದನಿಯನ್ನು ಆರಿಸಿ ಕೇಳಲು ನೆರವಾಗುವುದೂ ಇದೇ ಹೋಲಿಕೆ. ಇದರಲ್ಲಿ ಇನ್ನೊಂದು ಅನುಕೂಲ, ಪದಗಳೇ ಇಲ್ಲ, ಆದ್ದರಿಂದ ಯಾವ ಭಾಷೆಯ ಮಗುವಿಗೂ ನಡೆಯುತ್ತದೆ.

ಈ 6ಕ್ಕೂ ಹಳೆಯ ನೀರಿಗೂ ನಂಟಿರಬಹುದು. ವರ್ಷಗಟ್ಟಲೆ ಕಿವಿಯಲ್ಲಿ ನೀರಿದ್ದ ಮಕ್ಕಳಲ್ಲಿ, ನೀರು ಹೋಗಿ ಕೇಳುವಿಕೆ ಸರಿಯಾದ ಮೇಲೂ ಎಂಎಲ್‌ಡಿ ಕಡಿಮೆಯೇ ಉಳಿಯುತ್ತದೆ ಎಂದು 1991ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಒಂದು ಕಿವಿ ಇವತ್ತು ಮಂದ, ನಾಳೆ ಚುರುಕು ಅಂತ ಇದ್ದಾಗ ಎರಡನ್ನೂ ಹೋಲಿಸುವ ಕಲಿಕೆ ಹಿಂದೆ ಬೀಳುತ್ತದೆ. ಹಲವು ಮಕ್ಕಳಲ್ಲಿ ಕಾಲ ಕಳೆದಂತೆ ಸರಿಹೋಗುತ್ತದೆ.

ಎಪಿಡಿ ಅನ್ನಬಹುದೇ?

ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಆಶಾದ 2005ರ ವರದಿಯಂತೆ, ಎರಡು ಅಥವಾ ಹೆಚ್ಚು ಪರೀಕ್ಷೆಯಲ್ಲಿ ಸರಾಸರಿಗಿಂತ ಎರಡು ಪ್ರಮಾಣ ವಿಚಲನೆಯಷ್ಟು (ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೊನೆಯ ಎರಡು ಮೂರು ಮಂದಿಯಷ್ಟು) ಕೆಳಗಿದ್ದರೆ ಹೌದು. ಇವಳು ಆ ಗೆರೆಯೊಳಗೆ ಬರುತ್ತಾಳೆ.

ಆದರೆ ಈ ಕ್ಷೇತ್ರದಲ್ಲಿ ಜಗಳ ಇನ್ನೂ ಮುಗಿದಿಲ್ಲ. 2010ರಲ್ಲಿ ಶ್ರವಣ ಸಂಶೋಧಕ ಡೇವಿಡ್ ಮೂರ್ ಮತ್ತು ಜೊತೆಗಾರರು ಬ್ರಿಟನ್ನಿನ 6ರಿಂದ 11 ವರ್ಷದ 1,469 ಮಕ್ಕಳನ್ನು ಪರೀಕ್ಷಿಸಿದರು. ಕೇಳುವ ತೊಂದರೆಯ ಲಕ್ಷಣಗಳಿಗೆ ಶಬ್ದ ಹಿಡಿಯುವ ಸಾಮರ್ಥ್ಯಕ್ಕಿಂತ ಗಮನವೇ ಹೆಚ್ಚು ಕಾರಣ ಎಂಬ ತೀರ್ಮಾನಕ್ಕೆ ಬಂದರು. ಅದನ್ನು ಓದಿದವರು ಯಾವ ಡೈಕಾಟಿಕ್ ಅಂಕವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ, ನಂಬಲೂಬಾರದು.

ಹಾಗಾಗಿ ಅಂಕಕ್ಕಿಂತ ಅದರ ನಡೆ ನೋಡಬೇಕು. ಗಮನ ತಪ್ಪಿದ್ದರೆ ಎರಡೂ ಕಿವಿ ಇಳಿಯುತ್ತವೆ, ಪರೀಕ್ಷೆಯ ಶುರುವಿನಲ್ಲಿ ಚೆನ್ನಾಗಿದ್ದು ಕೊನೆಗೆ ಕುಸಿಯುತ್ತವೆ, ಒಂದು ದಿನ ಒಂದು ಥರ ಇನ್ನೊಂದು ದಿನ ಇನ್ನೊಂದು ಥರ ಬರುತ್ತವೆ. ಇವಳ ಬಲ ಕಿವಿ ಉದ್ದಕ್ಕೂ ಗಟ್ಟಿ, ಎಡ ಕಿವಿ ಉದ್ದಕ್ಕೂ ಹಿಂದೆ. ‘ಎಡ ಕಿವಿಯದನ್ನು ಮಾತ್ರ ಹೇಳು’ ಎಂದು ಗಮನವನ್ನು ಅಲ್ಲೇ ಕಟ್ಟಿಹಾಕಿದರೂ ಏರಿದ್ದು ಶೇ. 58ರವರೆಗೆ. ಸ್ವರಗಳ ಏರಿಳಿತ ಗುರುತಿಸುವ ಪರೀಕ್ಷೆಗೂ ಗಮನ ಬೇಕು. ಅದರಲ್ಲಿ ವಯಸ್ಸಿಗೆ ತಕ್ಕ ಅಂಕವೇ ಬಂತು. ಗಮನದ ಪಾಲು ಸೊನ್ನೆ ಅಂತ ಹೇಳುವಂತಿಲ್ಲ. ಪೂರ್ತಿ ಕಾರಣ ಅದೇ ಅಂತಲೂ ಹೇಳುವಂತಿಲ್ಲ.

ವರದಿಯಲ್ಲಿ ಎಪಿಡಿ ಎಂಬ ಪದ ಇದೆ, ಆದರೆ ಮೂರನೇ ಪುಟದಲ್ಲಿ. ಮೊದಲ ಪುಟದಲ್ಲಿ ಇರುವುದು ಬೇರೆ: ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವುದು ಕಷ್ಟ, ಎರಡು ಕಡೆಯಿಂದ ಮಾತು ಬಂದರೆ ಎಡಗಡೆಯದು ಕಳೆದುಹೋಗುತ್ತದೆ, ಹತ್ತಿರದಿಂದ ಒಂದೊಂದಾಗಿ ಹೇಳಿದರೆ ಚೆನ್ನಾಗಿ ಮಾಡುತ್ತಾಳೆ. ಶಿಕ್ಷಕಿಗೆ ಬೇಕಾದದ್ದು ಇದು.

ಮಾಡಿದ್ದೇನು

ರಿಮೋಟ್ ಮೈಕ್: ಶಿಕ್ಷಕಿಯ ಕೊರಳಲ್ಲಿ ಸಣ್ಣ ಮೈಕ್, ಮಗುವಿನ ಕಿವಿಯಲ್ಲಿ ರಿಸೀವರ್. ಗದ್ದಲ ಎಷ್ಟಿದ್ದರೂ ದೂರ ಸೊನ್ನೆಯಾದಂತೆ. ಕೊಡುವ ಮೊದಲು ಗದ್ದಲದಲ್ಲಿ ಮಾತಿನ ಪರೀಕ್ಷೆಯನ್ನು ಅದನ್ನು ಹಾಕಿಯೂ ಹಾಕದೆಯೂ ಮಾಡಿ ನೋಡಲಾಯಿತು. ಲಾಭ ಸ್ಪಷ್ಟವಾಗಿತ್ತು. ಮೊದಲ ವಾರ ಅವಳು ಅದನ್ನು ಕೂದಲಲ್ಲಿ ಮುಚ್ಚಿಕೊಂಡಳು. ಮೈಕನ್ನು ಮಕ್ಕಳೆಲ್ಲ ಸರದಿಯಲ್ಲಿ ಹಿಡಿದು ಓದಲಿ ಎಂದು ಶಿಕ್ಷಕಿ ಮಾಡಿದ ಮೇಲೆ ಆ ನಾಚಿಕೆ ಕಡಿಮೆಯಾಯಿತು. ಈ ಉಪಾಯ ಯಾವ ಮಾರ್ಗಸೂಚಿಯಿಂದ ಬಂದದ್ದೂ ಅಲ್ಲ.

ಎಡ ಕಿವಿಗೆ ಡೈಕಾಟಿಕ್ ತರಬೇತಿ. ಬಲ ಕಿವಿಯ ದನಿಯನ್ನು ಎಡ ಕಿವಿ ಹಿಡಿಯುವಷ್ಟು ಇಳಿಸಿ ಶುರು, ಹಿಡಿತ ಸಿಕ್ಕಂತೆ ಮೆಲ್ಲಗೆ ಏರಿಸುತ್ತ ಸಮ ಮಾಡುವುದು. ವಾರಕ್ಕೆ ಕೆಲವು ದಿನ, ಒಂದು ಸಲಕ್ಕೆ ಅರ್ಧ ಗಂಟೆ. ಜೊತೆಗೆ ಭಾಷಾ ಚಿಕಿತ್ಸೆ. ಉಕ್ತಲೇಖನದ ತಪ್ಪಿಗೆ ಕಿವಿಯಷ್ಟೇ ಕಾರಣವಲ್ಲ, ಗೊತ್ತಿಲ್ಲದ ಪದ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ.

ಅಪ್ಪ ಒಂದು ದುಬಾರಿ ಕಂಪ್ಯೂಟರ್ ತರಬೇತಿಯ ಬಗ್ಗೆ ಕೇಳಿದರು, ಓದೂ ಸುಧಾರಿಸುತ್ತದೆ ಎಂದು ಎಲ್ಲೋ ನೋಡಿದ್ದರು. ಹೆಸರುವಾಸಿಯಾದ ಫಾಸ್ಟ್ ಫಾರ್‌ವರ್ಡ್ ತಂತ್ರಾಂಶದ ಬಗ್ಗೆಯೇ 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ಮಕ್ಕಳ ಓದು ಅಥವಾ ಮಾತಿಗೆ ಅದು ನೆರವಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆ ದುಡ್ಡು ಉಳಿಸಿ ಅಂತ ಹೇಳಲಾಯಿತು.

8 ವರ್ಷ 10 ತಿಂಗಳಿಗೆ ಮರುಪರೀಕ್ಷೆ. ಎಡ ಕಿವಿ ಶೇ. 70. ಎಂಎಲ್‌ಡಿ 8 ಡೆಸಿಬೆಲ್. ಶಿಕ್ಷಕಿಯ ಪಟ್ಟಿಯಲ್ಲಿ 5 ‘ಹೌದು’. ಉಕ್ತಲೇಖನ ಸುಧಾರಿಸಿದೆ, ಆದರೆ ಹೊಸ ಪದಗಳಲ್ಲಿ ಇನ್ನೂ ಎಡವುತ್ತಾಳೆ. ಇದರಲ್ಲಿ ತರಬೇತಿಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು, ನೀರಿಲ್ಲದೆ ಕಳೆದ ತಿಂಗಳುಗಳ ಪಾಲೆಷ್ಟು? ಒಬ್ಬಳೇ ಮಗುವನ್ನು ನೋಡಿ ಬೇರ್ಪಡಿಸಲು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಈ ಪರೀಕ್ಷೆಗಳ ಮಿತಿ ವಯಸ್ಸಿನ ಜೊತೆ ಏರುತ್ತದೆ. ಎಡ ಕಿವಿಯ 70, 8 ವರ್ಷದವರ ಸಾಲಿನಲ್ಲಿ ಪಾಸ್. 9 ತುಂಬಿದ ಮೇಲೆ ಅದೇ 70 ಬಂದರೆ ಮತ್ತೆ ಗೆರೆಯ ಕೆಳಗೆ. ಆದ್ದರಿಂದ ಮೈಕ್ ಇನ್ನೊಂದು ವರ್ಷ ಇರಲಿ ಎಂದು ಬರೆದು, ಮೊದಲ ಪುಟದ ಪ್ರತಿಯನ್ನು ನಾಲ್ಕನೇ ತರಗತಿಯ ಶಿಕ್ಷಕರಿಗೆ ಕಳಿಸಲಾಗಿದೆ. ಟಿಂಪನೋಮೆಟ್ರಿ ಪ್ರತಿ ನೆಗಡಿಯ ನಂತರ, ಡೈಕಾಟಿಕ್ ಮತ್ತು ಎಂಎಲ್‌ಡಿ 9 ತುಂಬಿದ ಮೇಲೆ.